ಕೆಗ್ಗಿನ ಸೋಡಾ ಸಪ್ಪೆಯಾಗುತ್ತಿದೆಯೇ? ಪ್ರೆಶರ್ ಏರಿಸುವ ಮೊದಲು ಇಷ್ಟು ನೋಡಿ

ಮಾರ್ಚ್ ಬಂತೆಂದರೆ ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳದ ಅಂಗಡಿಗಳಲ್ಲಿ ಸೋಡಾ ಶರಬತ್ತಿಗೆ ಕೈ ಬಿಡುವು ಇರುವುದಿಲ್ಲ. ಬಾಟಲಿ ಸೋಡಾ ತರಿಸುವ ಬದಲು ಸ್ಟೀಲಿನ ಕೆಗ್ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ), ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್ ಇಟ್ಟು ತಾವೇ ಸೋಡಾ ಮಾಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಗೆಂದು ಮಾಡುವವರಿಗೂ ಇದೇ ಲೆಕ್ಕ.

ನಾನು ಹೇಳುತ್ತಿರುವುದು 19 ಲೀಟರಿನ ಬಾಲ್ ಲಾಕ್ (ಒತ್ತಿದರೆ ಕೂರುವ ಕನೆಕ್ಟರಿನ) ಕೆಗ್ಗಿನ ಬಗ್ಗೆ. ಮೊದಲು ತಂಪು ಪಾನೀಯದ ಸಿರಪ್ ಸಾಗಿಸಲು ಬಳಸುತ್ತಿದ್ದ ಕೆಗ್ ಇದು. ಆಮೇಲೆ ಮನೆಯಲ್ಲಿ ಬಿಯರ್ ಮಾಡುವವರ ಕೈಗೆ ಬಂತು. ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವುದು ಅಬ್ಕಾರಿ ಕಾನೂನಿನಲ್ಲಿ ಅಪರಾಧ. ಹಾಗಾಗಿ ಇಲ್ಲಿ ಸೋಡಾದ ವಿಷಯ ಮಾತ್ರ. ಗ್ಯಾಸ್ ಹತ್ತುವ ನಿಯಮ ಎರಡಕ್ಕೂ ಒಂದೇ, ಒತ್ತಡದ ಅಂಕಿ ಬೇರೆ.

ಸೋಡಾ ಸಪ್ಪೆ ಅನಿಸಿದ ಕೂಡಲೇ ಎಲ್ಲರ ಕೈ ಹೋಗುವುದು ಗ್ಯಾಸಿನ ಒತ್ತಡ ಹೊಂದಿಸುವ ರೆಗ್ಯುಲೇಟರಿನ ತಿರುಪಿಗೆ. ಅದನ್ನು ಕೊನೆಗೆ ಮುಟ್ಟಿ. ತಪ್ಪು ಹೆಚ್ಚಾಗಿ ಇರುವುದು ನೀರಿನ ತಂಪಿನಲ್ಲಿ, ಕೊಟ್ಟ ಸಮಯದಲ್ಲಿ, ಇಲ್ಲವೇ ಗ್ಲಾಸಿಗೆ ಹೊಯ್ಯುವ ರೀತಿಯಲ್ಲಿ. ಇವನ್ನು ನೋಡಲು ಒಂದು ರೂಪಾಯಿಯೂ ಖರ್ಚಿಲ್ಲ.

ಎಲ್ಲಕ್ಕಿಂತ ಮೊದಲು: ಈ ಗ್ಯಾಸನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಕಾರ್ಬನ್ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ.

ಒಂದು ಲೆಕ್ಕ ನೋಡಿ. 5 ಕಿಲೋ ಸಿಲಿಂಡರ್ ಪೂರ್ತಿ ಸೋರಿದರೆ ಎರಡೂವರೆ ಘನ ಮೀಟರಿಗಿಂತ ಜಾಸ್ತಿ ಗ್ಯಾಸ್ ಆಗುತ್ತದೆ. ಉದ್ದ, ಅಗಲ, ಎತ್ತರ ಮೂರು ಮೂರು ಮೀಟರ್ ಇರುವ ಮುಚ್ಚಿದ ಕೋಣೆಯಲ್ಲಿ ಅದು ಸುಮಾರು ನೂರಕ್ಕೆ 10 ಪಾಲು. ನೂರಕ್ಕೆ 4 ಪಾಲು ತಲುಪಿದರೇ ಜೀವಕ್ಕೆ ಅಪಾಯ ಎಂದು ಎಣಿಸುತ್ತಾರೆ. ಹಾಗಾಗಿ ಸಿಲಿಂಡರನ್ನು ಕಿಟಕಿಯಿಲ್ಲದ ಗೋದಾಮಿನಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಮಲಗುವ ಕೋಣೆಯಲ್ಲಿ ಇಡಬೇಡಿ. ನಿಲ್ಲಿಸಿಯೇ ಇಡಿ, ಬೀಳದಂತೆ ಗೋಡೆಗೆ ಚೈನ್ ಹಾಕಿ. ಮಲಗಿಸಿದರೆ ಒಳಗಿನ ದ್ರವ ನೇರ ರೆಗ್ಯುಲೇಟರಿಗೆ ನುಗ್ಗುತ್ತದೆ.

ಗ್ಯಾಸ್ ಇಟ್ಟ ಕೋಣೆಗೆ ಹೋದಾಗ ತಲೆ ಭಾರವಾದರೆ, ಉಸಿರು ಜೋರಾದರೆ, ಏನನ್ನೂ ಹುಡುಕಲು ನಿಲ್ಲಬೇಡಿ. ಹೊರಗೆ ಬನ್ನಿ. ಒಳಗೆ ಯಾರಾದರೂ ಬಿದ್ದಿದ್ದರೆ ಅವರನ್ನು ಎತ್ತಲು ಓಡಬೇಡಿ. ಎರಡನೆಯವರೂ ಬೀಳುವುದು ಹಾಗೆಯೇ. ಹೊರಗಿನಿಂದ ಬಾಗಿಲು, ಕಿಟಕಿ ತೆರೆದು 112ಕ್ಕೆ ಕರೆ ಮಾಡಿ.

ಮಂಗಳೂರಿನಿಂದ ತುಂಬಿಸಿ ತರುವಾಗಲೂ ಅಷ್ಟೇ. ತಲಪಾಡಿ ದಾಟುವ ತನಕ ಎಸಿ ಹಾಕಿ ಗಾಜು ಏರಿಸಿಕೊಂಡು ಬರುವುದು ಬೇಡ. ಗಾಜು ಇಳಿಸಿರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸಿಲಿಂಡರ್ ಬಿಟ್ಟು ಊಟಕ್ಕೆ ಹೋಗಬೇಡಿ.

ಗ್ಯಾಸ್ ಹತ್ತಲೇ ಇಲ್ಲವೋ, ಹೊರಬರುವಾಗ ಹೋಯಿತೋ?

ಇದನ್ನು ತಿಳಿಯದೆ ಮುಂದೆ ಹೋದರೆ ಸುಮ್ನೆ ಸುತ್ತು. ಪರೀಕ್ಷೆ ಸುಲಭ.

ಅರ್ಧ ಲೀಟರಿನ ಪ್ಲಾಸ್ಟಿಕ್ ಸೋಡಾ ಬಾಟಲಿಯೊಂದನ್ನು ತೊಳೆದು ಫ್ರಿಡ್ಜಿನಲ್ಲಿ ತಂಪು ಮಾಡಿ. ನಳ್ಳಿಯಿಂದ ಬಾಟಲಿಯ ಒಳಗೋಡೆಗೆ ತಾಗುವಂತೆ ಮೆಲ್ಲ ಮುಕ್ಕಾಲು ತುಂಬಿಸಿ. ಈಗ ಬಾಟಲಿಯನ್ನು ಅದುಮಿ, ನೀರು ಕುತ್ತಿಗೆವರೆಗೆ ಏರಲಿ. ಒಳಗಿನ ಗಾಳಿ ಹೊರಗೆ ಹೋಗಬೇಕು. ಅದುಮಿ ಹಿಡಿದಂತೆಯೇ ಮುಚ್ಚಳ ಬಿಗಿ ಮಾಡಿ, ಹತ್ತು ಹದಿನೈದು ಸೆಕೆಂಡು ಜೋರಾಗಿ ಕುಲುಕಿ.

ತಗ್ಗಿದ ಬಾಟಲಿ ಟಕ್ ಎಂದು ಉಬ್ಬಿ, ಬೆರಳಿಗೆ ಒತ್ತಲು ಬಾರದಷ್ಟು ಗಟ್ಟಿಯಾದರೆ ನೀರಿನಲ್ಲಿ ಗ್ಯಾಸ್ ಇದೆ. ನಿಮ್ಮ ತೊಂದರೆ ಹೊಯ್ಯುವಲ್ಲಿ. ಬಾಟಲಿ ಸ್ವಲ್ಪ ಮಾತ್ರ ಉಬ್ಬಿ ಮೆತ್ತಗೇ ಉಳಿದರೆ ಕೆಗ್ಗಿನಲ್ಲೇ ಗ್ಯಾಸ್ ಹತ್ತಿಲ್ಲ. ಎಷ್ಟು ಗಟ್ಟಿ ಎಂದು ಗೊತ್ತಾಗದಿದ್ದರೆ ಅಂಗಡಿಯ ಹೊಸ ಸೋಡಾ ಬಾಟಲಿಯನ್ನು ಪಕ್ಕದಲ್ಲಿಟ್ಟು ಒತ್ತಿ ನೋಡಿ.

ಈ ಪರೀಕ್ಷೆಗೆ ಗಾಜಿನ ಬಾಟಲಿ ಖಂಡಿತ ಬೇಡ. ಗೋಲಿ ಸೋಡಾದ ಬಾಟಲಿಯೂ ಬೇಡ. ಆ ದಪ್ಪ ಗಾಜು ಒತ್ತಡ ತಡೆಯಲೆಂದೇ ಮಾಡಿದ್ದು ಹೌದು. ಆದರೆ ಹಳೆಯ ಬಾಟಲಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ಕೈಯಲ್ಲೇ ಸಿಡಿಯುತ್ತದೆ.

ಬಾಟಲಿ ಗಟ್ಟಿಯಾಗಲಿಲ್ಲ, ಸೋಡಾ ಪೂರ್ತಿ ಸಪ್ಪೆ

ಮೊದಲು ನೀರಿನ ತಂಪು ನೋಡಿ. ತಂಪು ಜಾಸ್ತಿಯಾದಷ್ಟೂ ನೀರು ಗ್ಯಾಸನ್ನು ಹೆಚ್ಚು ಹಿಡಿಯುತ್ತದೆ. ಒಳ್ಳೆಯ ಖಾರದ ಸೋಡಾ ಎಂದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 4 ಲೀಟರ್ ಗ್ಯಾಸ್ ಕರಗಿರಬೇಕು. ತೂಕದಲ್ಲಿ ಹೇಳಿದರೆ ಲೀಟರಿಗೆ ಸುಮಾರು 8 ಗ್ರಾಂ. ಬಿಯರಿಗೆ ಇದು ಎರಡೂವರೆ ಲೀಟರ್ ಇದ್ದರೆ ಸಾಕು.

ಈ ನಾಲ್ಕು ಲೀಟರ್ ಮುಟ್ಟಲು 4 ಡಿಗ್ರಿಯ ನೀರಿಗೆ ಒತ್ತಡ 27ರಿಂದ 28 ಪಿಎಸ್‌ಐ ಸಾಕು. 10 ಡಿಗ್ರಿಯ ನೀರಿಗೆ ಸುಮಾರು 37 ಬೇಕು. ನಮ್ಮ ಬೇಸಿಗೆಯ ಕೋಣೆಯಲ್ಲಿ 30 ಡಿಗ್ರಿ ಇರುವ ನೀರಿಗೆ 75ಕ್ಕಿಂತ ಮೇಲೆ ಬೇಕು. ಅಷ್ಟು ಒತ್ತಡದಲ್ಲಿ ಹತ್ತಿಸಿದರೂ ನಳ್ಳಿ ಬಿಟ್ಟ ಕೂಡಲೇ ಎಲ್ಲ ನೊರೆಯಾಗಿ ಹಾರಿಹೋಗುತ್ತದೆ. ಅಂದರೆ ಬಿಸಿ ನೀರಿನ ಜೊತೆ ಪ್ರೆಶರ್ ಏರಿಸಿ ಗೆಲ್ಲುವ ದಾರಿಯೇ ಇಲ್ಲ.

ಬದಿಯಡ್ಕದ ಕಡೆಯ ಅಂಗಡಿಯವರೊಬ್ಬರು ಫೋನಿನಲ್ಲಿ ಕೇಳಿದ್ದು ಇದನ್ನೇ. "ಅಣ್ಣಾ, 30 ಇಟ್ಟಿದ್ದೇನೆ, ಆದರೂ ಸಪ್ಪೆಯೇ. ಇನ್ನೆಷ್ಟು ಏರಿಸುವುದು?" "ಏರಿಸಬೇಡಿ ಮಾರಾಯ್ರೇ, ಮೊದಲು ಒಂದು ಗ್ಲಾಸ್ ಹಿಡಿದು ಥರ್ಮಾಮೀಟರ್ ಹಾಕಿ" ಎಂದೆ. 18 ಡಿಗ್ರಿ ತೋರಿಸಿತು. ಬೆಳಿಗ್ಗೆ ತುಂಬಿಸಿ ಫ್ರಿಡ್ಜಿಗೆ ಇಟ್ಟ ಕೆಗ್ ಅದು, ಆಗ ಮಧ್ಯಾಹ್ನ. 18 ಡಿಗ್ರಿಯಲ್ಲಿ 30 ಪಿಎಸ್‌ಐಗೆ ಎಷ್ಟು ದಿನ ಇಟ್ಟರೂ ಲೀಟರ್ ನೀರಿಗೆ 2.7 ಲೀಟರ್ ಗ್ಯಾಸಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅವರ ರೆಗ್ಯುಲೇಟರಿನಲ್ಲಿ ಏನೂ ದೋಷ ಇರಲಿಲ್ಲ.

ಫ್ರಿಡ್ಜಿನ ಡಿಸ್‌ಪ್ಲೇ ತೋರಿಸುವ ಅಂಕಿಯನ್ನು ನಂಬಬೇಡಿ. ಅದು ಗಾಳಿಯದ್ದು, ನೀರಿನದ್ದಲ್ಲ. 19 ಲೀಟರ್ ನೀರು 28 ಡಿಗ್ರಿಯಿಂದ 4ಕ್ಕೆ ಇಳಿಯಲು ಮನೆಯ ಫ್ರಿಡ್ಜಿನಲ್ಲಿ ಒಂದಿಡೀ ದಿನ ಬೇಕು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಬಾಗಿಲು ಆಗಾಗ ತೆಗೆಯುವ ಅಂಗಡಿಯಾದರೆ ಇನ್ನೂ ತಡ. ಸಂಜೆ ವೋಲ್ಟೇಜ್ ಬಿದ್ದು ಕಂಪ್ರೆಸರ್ ಸರಿಯಾಗಿ ಓಡದ ಮನೆಗಳಲ್ಲಿ ಬೆಳಗಿನ ಅಳತೆಯೊಂದು, ರಾತ್ರಿಯದ್ದೊಂದು. ಎರಡು ಹೊತ್ತೂ ನೋಡಿ. ನೀರನ್ನು ಬಾಟಲಿಗಳಲ್ಲಿ ಮೊದಲೇ ತಂಪು ಮಾಡಿ ಕೆಗ್ಗಿಗೆ ಹೊಯ್ದರೆ ಈ ತೊಂದರೆ ಅರ್ಧ ಮುಗಿಯಿತು.

ತಂಪು ಸರಿ ಇದೆಯೇ? ಹಾಗಾದರೆ ಸಮಯ ಕೇಳಿಕೊಳ್ಳಿ. 27 ಪಿಎಸ್‌ಐ ಇಟ್ಟು ಕೆಗ್ಗನ್ನು ಅಲುಗಾಡಿಸದೆ ಬಿಟ್ಟರೆ ಗ್ಯಾಸ್ ಪೂರ್ತಿ ಹತ್ತಲು ಐದರಿಂದ ಏಳು ದಿನ ಬೇಕು. ಎರಡನೇ ದಿನ ಕುಡಿದು "ಸಪ್ಪೆ" ಅಂದರೆ ಅದು ದೋಷವಲ್ಲ. ಅವಸರ ಇದ್ದರೆ ನೀರು ಪೂರ್ತಿ ತಂಪಾದ ಮೇಲೆ 30 ಪಿಎಸ್‌ಐಗೆ ಇಟ್ಟು, ಗ್ಯಾಸ್ ಸೇರುವ ತುದಿ ಮೇಲಿರುವಂತೆ ಕೆಗ್ಗನ್ನು ಓರೆ ಹಿಡಿದು ಹತ್ತು ಹದಿನೈದು ನಿಮಿಷ ಕುಲುಕಿ. ಗ್ಯಾಸ್ ಒಳಗೆ ಹೋಗುವ ಸದ್ದು ಮೊದಲು ಜೋರಾಗಿ ಕೇಳುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಸದ್ದು ನಿಂತರೆ ನೀರಿಗೆ ಸಾಕಾಯಿತು ಎಂದರ್ಥ. ಮತ್ತೆ ಕೆಲವು ಗಂಟೆ ಫ್ರಿಡ್ಜಿನಲ್ಲಿ ಸುಮ್ಮನೆ ಬಿಡಿ. ಕುಲುಕುವವರು ಗ್ಯಾಸ್ ಪೈಪಿನಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ಹಾಕಿರಲೇಬೇಕು. ಇಲ್ಲದಿದ್ದರೆ ನೀರು ರೆಗ್ಯುಲೇಟರ್ ಸೇರುತ್ತದೆ.

ಮೂರನೆಯದು ಹೆಚ್ಚಿನವರು ಬಿಟ್ಟೇಬಿಡುವ ಕೆಲಸ: ಕೆಗ್ಗಿನೊಳಗಿನ ಗಾಳಿ ತೆಗೆಯುವುದು. ನೀರು ತುಂಬಿಸಿ ಮುಚ್ಚಳ ಹಾಕಿದಾಗ ಮೇಲಿನ ಜಾಗದಲ್ಲಿ ಮಾಮೂಲಿ ಗಾಳಿ ಇರುತ್ತದೆ. ಒತ್ತಡ ತೋರಿಸುವ ಗೇಜಿಗೆ ಗಾಳಿ ಯಾವುದು, ಗ್ಯಾಸ್ ಯಾವುದು ಗೊತ್ತಾಗುವುದಿಲ್ಲ, ಎರಡನ್ನೂ ಸೇರಿಸಿಯೇ ತೋರಿಸುತ್ತದೆ. ಗಾಳಿ ತೆಗೆಯದೆ 27ಕ್ಕೆ ಇಟ್ಟರೆ ಒಳಗಿನ ಒಟ್ಟು ಒತ್ತಡದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗಾಳಿಯದ್ದೇ. ನೀರಿಗೆ ಸಿಗುವ ಗ್ಯಾಸ್ ಅಷ್ಟೇ ಕಡಿಮೆ. ಹಾಗಾಗಿ ಮುಚ್ಚಳ ಹಾಕಿ 30 ಪಿಎಸ್‌ಐ ಕೊಡಿ, ಒತ್ತಡ ಬಿಡಲೆಂದು ಮುಚ್ಚಳದಲ್ಲಿರುವ ರಿಂಗ್ ಎಳೆದು ಬಿಡಿ. ಹೀಗೆ ನಾಲ್ಕೈದು ಸಲ. ಕೆಗ್ಗನ್ನು ಕಂಠಮಟ್ಟ ತುಂಬಿಸುವುದೂ ಬೇಡ. ಒಳಗಿನ ಗಿಡ್ಡ ಗ್ಯಾಸ್ ಪೈಪಿನ ತುದಿ ನೀರಿಗೆ ತಾಗಬಾರದು. 18 ಲೀಟರ್ ಸಾಕು.

ಇಷ್ಟಾದರೂ ಸಪ್ಪೆ ಎಂದರೆ ಗ್ಯಾಸ್ ಕೆಗ್ಗಿಗೆ ಬರುತ್ತಿದೆಯೇ ನೋಡಿ. ಗ್ಯಾಸಿನ ಕನೆಕ್ಟರ್ ಸಾಮಾನ್ಯವಾಗಿ ಬೂದು ಅಥವಾ ಬಿಳಿ ಬಣ್ಣದ್ದು, ನೀರಿನದ್ದು ಕಪ್ಪು. ಅದು ಟಕ್ ಎಂದು ಪೂರ್ತಿ ಕೂತಿರಬೇಕು. ಅರ್ಧ ಕೂತರೆ ಒಳಗಿನ ಸಣ್ಣ ವಾಲ್ವ್ ತೆರೆದುಕೊಳ್ಳುವುದಿಲ್ಲ. ಮುಚ್ಚಳದ ರಿಂಗ್ ಎರಡು ಸೆಕೆಂಡ್ ಎಳೆಯಿರಿ. ಬುಸ್ ಎನ್ನುವ ಸದ್ದು ಒಂದೇ ಸಮನೆ ಬರುತ್ತಿದ್ದರೆ ಗ್ಯಾಸ್ ಬರುತ್ತಿದೆ. ಸದ್ದು ಬೇಗನೆ ಸಾಯುತ್ತಾ ಹೋದರೆ ದಾರಿಯಲ್ಲಿ ಎಲ್ಲೋ ತಡೆ ಇದೆ, ಅಥವಾ ಸಿಲಿಂಡರ್ ಖಾಲಿ.

ಸಿಲಿಂಡರ್ ಖಾಲಿಯೋ ಅಲ್ವೋ ಎಂದು ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ನೋಡಿ ತೀರ್ಮಾನಿಸಬೇಡಿ. ಒಳಗೆ ದ್ರವ ಉಳಿದಿರುವ ತನಕ ಆ ಮುಳ್ಳು ಒಂದೇ ಕಡೆ ನಿಂತಿರುತ್ತದೆ. 30 ಡಿಗ್ರಿಯಲ್ಲಿ ಅದು 1000 ಪಿಎಸ್‌ಐ ಆಸುಪಾಸು. ಸಿಲಿಂಡರನ್ನೇ ಫ್ರಿಡ್ಜಿನೊಳಗೆ ಇಟ್ಟರೆ ತಂಪಿಗೆ 550ರ ಹತ್ತಿರ ಇಳಿಯುತ್ತದೆ, ಗ್ಯಾಸ್ ಒಂದಿಷ್ಟೂ ಖರ್ಚಾಗದಿದ್ದರೂ. ನಿಜ ತಿಳಿಯಬೇಕಾದರೆ ತೂಗಿ. ಅಡಿಕೆ ತೂಗುವ ತಕ್ಕಡಿ ಇದ್ದರೆ ಅದೇ ಸಾಕು. ಸಿಲಿಂಡರಿನ ಮೇಲೆ ಖಾಲಿ ತೂಕ ಕೊರೆದಿರುತ್ತದೆ, ಕಳೆದರೆ ಉಳಿದ ಗ್ಯಾಸ್ ಸಿಗುತ್ತದೆ.

ಬಾಟಲಿ ಗಟ್ಟಿ, ಆದರೆ ಗ್ಲಾಸಿನಲ್ಲಿ ಬರೀ ನೊರೆ, ಆಮೇಲೆ ಸಪ್ಪೆ

ಇಲ್ಲಿ ಗ್ಯಾಸ್ ಹತ್ತಿದೆ, ನಳ್ಳಿಗೆ ಬರುವ ದಾರಿಯಲ್ಲಿ ಬಿಟ್ಟುಹೋಗುತ್ತಿದೆ. ಇದನ್ನು ಕಂಡು ಪ್ರೆಶರ್ ಏರಿಸಿದರೆ ನೊರೆ ಇನ್ನೂ ಜಾಸ್ತಿಯಾಗುತ್ತದೆ.

ಖರ್ಚಿಲ್ಲದ ಮೂರು ಸಂಗತಿ ಮೊದಲು. ನಳ್ಳಿಯನ್ನು ಪೂರ್ತಿ ತೆರೆಯಿರಿ. ಅರ್ಧ ತೆರೆದರೆ ಸಣ್ಣ ಸಂದಿಯಲ್ಲಿ ನೀರು ಚಿಮ್ಮಿ ಗ್ಯಾಸ್ ಕಳೆದುಕೊಳ್ಳುತ್ತದೆ. ಗ್ಲಾಸ್ ತಂಪಿರಲಿ, ಓರೆ ಹಿಡಿಯಿರಿ. ಮೊದಲ ಗ್ಲಾಸ್ ಮಾತ್ರ ನೊರೆ, ಆಮೇಲೆ ಸರಿ ಎಂದಾದರೆ ಹೊರಗಿನ ಬಿಸಿಗೆ ನಳ್ಳಿ ಕಾದಿದೆ ಅಷ್ಟೇ. ಮೊದಲ ನೂರು ಮಿಲಿಲೀಟರ್ ಬೇರೆ ಹಿಡಿದು ಬಿಡಿ.

ಎಲ್ಲ ಗ್ಲಾಸೂ ನೊರೆಯೇ ಬಂದರೆ ಪೈಪ್ ಅಳೆಯಿರಿ. 27 ಪಿಎಸ್‌ಐ ಒತ್ತಡ ನಳ್ಳಿಯ ಬಾಯಿಗೆ ಬರುವಷ್ಟರಲ್ಲಿ ಮೆಲ್ಲ ಮೆಲ್ಲ ಇಳಿಯಬೇಕು. ಇಳಿಸುವುದು ಪೈಪಿನ ಉದ್ದ. ಒಳ ಅಳತೆ 5 ಮಿಲಿಮೀಟರ್ ಇರುವ ಪೈಪಾದರೆ ಸೋಡಾಕ್ಕೆ ಆರೇಳು ಮೀಟರ್ ಬೇಕು. ಬಿಯರಿಗೆ ಎಂದು ಮಾರುವ ಸೆಟ್ಟಿನಲ್ಲಿ ಒಂದೂವರೆ, ಎರಡು ಮೀಟರ್ ಮಾತ್ರ ಇರುತ್ತದೆ, ಅದು ಸೋಡಾದ ಒತ್ತಡಕ್ಕೆ ಸಾಲುವುದಿಲ್ಲ. ಉದ್ದದ ಪೈಪನ್ನು ಸುರುಳಿ ಸುತ್ತಿ ಫ್ರಿಡ್ಜಿನ ಒಳಗೇ ಇಡಿ. ಹೊರಗಿದ್ದರೆ ಅಲ್ಲಿನ ನೀರು ಬಿಸಿಯಾಗಿ ಮತ್ತೆ ನೊರೆಯೇ. ಜಾಗ ಇಲ್ಲದಿದ್ದರೆ ಹರಿವು ಹೊಂದಿಸುವ ತಿರುಪು ಇರುವ ನಳ್ಳಿ ಸಿಗುತ್ತದೆ. ಪೈಪಿಗಿಂತ ದುಬಾರಿ, ಹಾಗಾಗಿ ನಾನು ಪೈಪನ್ನೇ ಮೊದಲು ಹೇಳುತ್ತೇನೆ.

ಕೆಲವರು ಒಂದು ಉಪಾಯ ಮಾಡುತ್ತಾರೆ. ಹೊಯ್ಯುವ ಮೊದಲು ಗ್ಯಾಸ್ ಬಂದ್ ಮಾಡಿ, ರಿಂಗ್ ಎಳೆದು ಒತ್ತಡ ಇಳಿಸಿ, 5 ಪಿಎಸ್‌ಐಯಲ್ಲಿ ಹೊಯ್ಯುವುದು. ನೆಂಟರು ಬಂದ ದಿನ ನಾಲ್ಕು ಗ್ಲಾಸಿಗೆ ಪರವಾಗಿಲ್ಲ. ದಿನಾ ಹೀಗೆ ಮಾಡಿ ಒತ್ತಡ ಇಳಿಸಿಯೇ ಬಿಟ್ಟರೆ ನೀರಿನಲ್ಲಿದ್ದ ಗ್ಯಾಸ್ ಮೇಲಿನ ಖಾಲಿ ಜಾಗಕ್ಕೆ ಏರಿ, ಎರಡು ಮೂರು ದಿನದಲ್ಲಿ ಕೆಗ್ಗೇ ಸಪ್ಪೆ. "ಮೊದಲ ದಿನ ಚೆನ್ನಾಗಿತ್ತು, ಆಮೇಲೆ ಕೆಟ್ಟಿತು" ಎನ್ನುವವರಲ್ಲಿ ಇದನ್ನು ಕೇಳಿ ನೋಡಿ.

ಇನ್ನು ಗ್ಲಾಸಿನೊಳಗಿನ ವಿಷಯ. ಶರಬತ್ತಿನ ರುಚಿ ನಿಲ್ಲುವುದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗ್ಯಾಸ್ ಗುಳ್ಳೆಯಾಗಿ ಬಿಡುವುದಕ್ಕೆ ಒರಟಾದ ಜಾಗ ಬೇಕು. ಉಪ್ಪಿನ ಹರಳು ಅಂಥದ್ದು. ಒಡೆದ ಐಸಿನ ಚೂರು, ಪುನರ್ಪುಳಿಯ ಸಿಪ್ಪೆಯ ತುಣುಕು, ಲಿಂಬೆಯ ತಿರುಳು ಎಲ್ಲ ಹಾಗೆಯೇ. ಸೋಡಾ ಹೊಯ್ದ ಮೇಲೆ ಉಪ್ಪು ಉದುರಿಸಿ ನೋಡಿ. ಭರ್ರನೆ ನೊರೆ ಉಕ್ಕುತ್ತದೆ. ನೋಡಲು ಚಂದ, ಆದರೆ ಆ ಉಕ್ಕಿದ್ದೆಲ್ಲ ನೀವು ವಾರವಿಡೀ ಹತ್ತಿಸಿದ ಗ್ಯಾಸ್. ಉಪ್ಪನ್ನು ಮೊದಲು ಲಿಂಬೆರಸದಲ್ಲಿ ಕರಗಿಸಿ. ಅದರ ಮೇಲೆ ನನ್ನಾರಿ ಸಿರಪ್ ಅಥವಾ ಸೋಸಿದ ಪುನರ್ಪುಳಿ. ಐಸ್ ದೊಡ್ಡ ತುಂಡು ಒಂದು, ತಣ್ಣೀರಿನಲ್ಲಿ ಅದ್ದಿ ತೆಗೆದದ್ದು. ಕೊನೆಗೆ ಗ್ಲಾಸಿನ ಬದಿಯಿಂದ ಸೋಡಾ. ಚಮಚದಲ್ಲಿ ತಳದಿಂದ ಒಂದು ಸಲ ಮೇಲೆತ್ತಿದರೆ ಸಾಕು, ಎತ್ತಿ ಹೊಯ್ಯುವುದು ಬೇಡ.

ಸಿರಪ್ಪನ್ನು ಕೆಗ್ಗಿಗೇ ಹಾಕಿದರೆ ಹೇಗೆ ಎಂದು ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಸಕ್ಕರೆ ಇರುವ ನೀರು ಗ್ಯಾಸ್ ಕಡಿಮೆ ಹಿಡಿಯುತ್ತದೆ. ತಿರುಳು ಸಣ್ಣ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕರೆಂಟ್ ಹೋಗಿ ಕೆಗ್ ಬಿಸಿಯಾದರೆ ಹಣ್ಣಿನ ರಸ ಹುಳಿದು ಒಳಗೇ ಒತ್ತಡ ಏರುತ್ತದೆ. ಕೆಗ್ಗಿನಲ್ಲಿ ಬರೀ ನೀರು ಇರಲಿ.

ಸಿಲಿಂಡರ್ ಬೇಗ ಖಾಲಿಯಾಗುತ್ತಿದೆ

ಮೊದಲು ನಿಜವಾಗಿ ಬೇಗ ಖಾಲಿಯಾಗುತ್ತಿದೆಯೇ ಲೆಕ್ಕ ಹಾಕಿ. ಒಂದು ಕೆಗ್ಗಿನ ನೀರಿಗೆ ಹತ್ತಲು ಸುಮಾರು 140 ಗ್ರಾಂ, ಅಷ್ಟನ್ನೂ ಹೊರಗೆ ತಳ್ಳಲು ಇನ್ನೊಂದು 100 ಗ್ರಾಂ ಚಿಲ್ಲರೆ. ಅಂದರೆ ಕೆಗ್ಗಿಗೆ ಕಾಲು ಕಿಲೋ. ಗಾಳಿ ತೆಗೆಯಲು ಬಿಟ್ಟದ್ದು ಸೇರಿಸಿದರೂ 5 ಕಿಲೋ ಸಿಲಿಂಡರಿನಲ್ಲಿ ಹದಿನೈದು ಕೆಗ್‌ಗಳಿಗೆ ತೊಂದರೆ ಇರಬಾರದು. ಐದಾರಕ್ಕೇ ಮುಗಿದರೆ ಸೋರಿಕೆ ಇದೆ.

ಸೋರಿಕೆ ಹುಡುಕುವಾಗ ಬಹಳ ಜನ ಒಂದು ಕಡೆ ಎಡವುತ್ತಾರೆ. ನೀರು ತುಂಬಿದ ಕೆಗ್ಗಿಗೆ 30 ಪಿಎಸ್‌ಐ ಕೊಟ್ಟು, ಸಿಲಿಂಡರ್ ಬಂದ್ ಮಾಡಿ, ಬೆಳಿಗ್ಗೆ ನೋಡಿದರೆ 12. "ಸೋರುತ್ತಿದೆ" ಎಂದು ಎಲ್ಲ ವಾಷರ್ ಬದಲಾಯಿಸುತ್ತಾರೆ. ಗ್ಯಾಸ್ ಎಲ್ಲೂ ಸೋರಿಲ್ಲ, ನೀರಿನೊಳಗೆ ಹೋಗಿದೆ. ಅದಕ್ಕೇ ತಾನೇ ಕೊಟ್ಟದ್ದು! ಸೋರಿಕೆಯ ಪರೀಕ್ಷೆ ಖಾಲಿ ಕೆಗ್ಗಿನಲ್ಲಿ ಮಾಡಿ. 30 ಪಿಎಸ್‌ಐ ಕೊಟ್ಟು ಸಿಲಿಂಡರಿನ ವಾಲ್ವ್ ಬಂದ್ ಮಾಡಿ, ರಾತ್ರಿಯಿಡೀ ಬಿಡಿ. ತಂಪು ಬದಲಾಗದ ಜಾಗದಲ್ಲಿರಲಿ. ಮುಳ್ಳು ಅಲ್ಲೇ ಇದ್ದರೆ ಎಲ್ಲ ಸರಿ. ಇಳಿದರೆ ಕೆಗ್ಗಿನ ಕನೆಕ್ಟರ್ ತೆಗೆದು ಮತ್ತೆ ಅದೇ ಪರೀಕ್ಷೆ. ಈಗ ಇಳಿಯದಿದ್ದರೆ ದೋಷ ಕೆಗ್ಗಿನ ಕಡೆ, ಇಳಿದರೆ ರೆಗ್ಯುಲೇಟರ್ ಮತ್ತು ಪೈಪಿನ ಕಡೆ.

ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು. ಬ್ರಷ್ಷಿನಲ್ಲಿ ಹಚ್ಚಿ ಕಾಯಿರಿ. ದೊಡ್ಡ ಸೋರಿಕೆಯಾದರೆ ಗುಳ್ಳೆ ಕೂಡಲೇ ಉಬ್ಬಿ ಒಡೆಯುತ್ತದೆ. ಸಣ್ಣದ್ದು ಹಾಗಲ್ಲ. ಎರಡು ನಿಮಿಷ ಕಾದರೆ ಒಂದೇ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ನೊರೆ ಕಟ್ಟಿಕೊಂಡು ಮೆಲ್ಲ ದಪ್ಪವಾಗುತ್ತದೆ. ತಿಂಗಳಲ್ಲಿ ಸಿಲಿಂಡರ್ ಬರಿದು ಮಾಡುವುದು ಇಂಥದ್ದೇ.

ಹುಡುಕಬೇಕಾದ ಜಾಗಗಳಲ್ಲಿ ಮೊದಲನೆಯದು ಸಿಲಿಂಡರ್ ಮತ್ತು ರೆಗ್ಯುಲೇಟರ್ ಸೇರುವ ಕಡೆ. ಅಲ್ಲಿ ಗ್ಯಾಸ್ ತಡೆಯುವುದು ವಾಷರ್, ಥ್ರೆಡ್ ಅಲ್ಲ. ಟೆಫ್ಲಾನ್ ಟೇಪ್ ಸುತ್ತಿದರೆ ಪ್ರಯೋಜನ ಇಲ್ಲ, ವಾಷರ್ ಕೂರದೆ ಇನ್ನಷ್ಟು ಸೋರಬಹುದು. ಹಳೆಯ ವಾಷರ್ ತೆಗೆದು ಹೊಸದು ಹಾಕಿ, ಸ್ಪಾನರಿನಲ್ಲಿ ಬಿಗಿ ಮಾಡಿ. ಆಮೇಲೆ ಕೆಗ್ಗಿನ ಮುಚ್ಚಳದ ದೊಡ್ಡ ರಬ್ಬರ್ ರಿಂಗ್. ಇದು ಒತ್ತಡ ಬಂದ ಮೇಲೆಯೇ ಸರಿಯಾಗಿ ಕೂರುವುದು. ಮುಚ್ಚಳ ಮೇಲಕ್ಕೆ ಎಳೆದು ಹಿಡಿದು 30 ಪಿಎಸ್‌ಐ ಒಮ್ಮೆಗೇ ಕೊಡಿ, ಕೂತ ಮೇಲೆ ಬೇಕಾದಷ್ಟಕ್ಕೆ ಇಳಿಸಿ. ಅದೂ ಆಗದಿದ್ದರೆ ಕನೆಕ್ಟರ್ ಕೂರುವ ಎರಡು ತುದಿಗಳ ಸಣ್ಣ ರಬ್ಬರಿನ ಓ-ರಿಂಗ್‌ಗಳು, ಪೈಪಿನ ಕ್ಲಿಪ್‌ಗಳು.

ರಬ್ಬರ್ ರಿಂಗ್ ಒಣಗಿ ಹಿಡಿದುಕೊಂಡರೆ ಆಹಾರಕ್ಕೆ ಬಳಸುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಮನೆಯಲ್ಲಿ ತೆಂಗಿನೆಣ್ಣೆ ಇದೆಯಲ್ಲ ಎಂದು ಹಚ್ಚಬೇಡಿ. ಎಣ್ಣೆಗೆ ಕೆಲವು ಬಗೆಯ ರಬ್ಬರ್ ಊದಿಕೊಳ್ಳುತ್ತದೆ, ಹಳತಾದರೆ ಕಮಟು ವಾಸನೆ ಸೋಡಾಕ್ಕೂ ಬರುತ್ತದೆ.

ಓ-ರಿಂಗ್ ಬದಲಾಯಿಸಲು ತುದಿ ಬಿಚ್ಚುವ ಮೊದಲು ಕೆಗ್ಗಿನ ಒತ್ತಡ ಪೂರ್ತಿ ಬಿಡಿ. ಮುಚ್ಚಳದ ರಿಂಗ್ ಎಳೆದು ಸದ್ದು ನಿಂತ ಮೇಲೂ ಇನ್ನೊಮ್ಮೆ ಎಳೆಯಿರಿ. ಒತ್ತಡ ಇರುವಾಗ ಬಿಚ್ಚಿದ ತುದಿ ನೇರ ಮುಖಕ್ಕೆ ಹಾರುತ್ತದೆ. ಸೋರಿಕೆ ಸಿಲಿಂಡರಿನ ವಾಲ್ವಿನ ಬುಡದಲ್ಲೇ ಕಂಡರೆ ಆ ವಾಲ್ವನ್ನು ಬಿಚ್ಚಲು ಹೋಗಬೇಡಿ. ಸಿಲಿಂಡರನ್ನು ತೆರೆದ ಜಾಗಕ್ಕೆ ಒಯ್ದಿಟ್ಟು, ತುಂಬಿಸುವವರಿಗೆ ಹೇಳಿ.

ಪ್ರೆಶರ್ ತಾನಾಗಿ ಏರುತ್ತಿದೆ

ನೀವು 27ಕ್ಕೆ ಇಟ್ಟಿದ್ದೀರಿ. ಎರಡು ಗಂಟೆ ಬಿಟ್ಟು ನೋಡಿದರೆ 35, ಸಂಜೆಗೆ 45. ತಿರುಪು ಯಾರೂ ಮುಟ್ಟಿಲ್ಲ. ಒಂದೆರಡು ಪಿಎಸ್‌ಐ ಹೆಚ್ಚು ಕಡಿಮೆ ಮಾಮೂಲು. ಹೀಗೆ ಏರುತ್ತಲೇ ಹೋದರೆ ರೆಗ್ಯುಲೇಟರಿನ ಒಳಗೆ ವಾಲ್ವ್ ಕೂರುವ ಸೀಟು ಸವೆದಿದೆ ಅಥವಾ ಅಲ್ಲಿ ಕಸ ಕೂತಿದೆ. ಸೋಡಾ ಬರಬರುತ್ತಾ ಗಂಟಲಿಗೆ ಚುಚ್ಚುವಷ್ಟು ಖಾರವಾದರೂ ಮೊದಲು ಇದನ್ನೇ ನೋಡಿ.

ಇಲ್ಲಿ ನಿಲ್ಲಿಸಬೇಕು. ಸಿಲಿಂಡರ್ ಬಂದ್ ಮಾಡಿ, ಕೆಗ್ಗಿನ ಒತ್ತಡ ಬಿಡಿ, ಆ ರೆಗ್ಯುಲೇಟರನ್ನು ಮತ್ತೆ ಬಳಸಬೇಡಿ. ಕೆಗ್ಗಿನ ಮೇಲೆ 130 ಪಿಎಸ್‌ಐ ಎಂದು ಬರೆದಿರಬಹುದು, ಆದರೆ ಪೈಪಿಗೆ, ಕ್ಲಿಪ್ಪಿಗೆ ಆ ಶಕ್ತಿ ಇರುವುದಿಲ್ಲ. ರಿಪೇರಿ ಗೊತ್ತಿರುವವರ ಹತ್ತಿರ ಮಾಡಿಸಿ, ಇಲ್ಲವೇ ಹೊಸದು ತನ್ನಿ.

ತರುವಾಗ ಒಂದು ಎಚ್ಚರ. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಸಿಒ2 (ಕಾರ್ಬನ್ ಡೈಆಕ್ಸೈಡ್) ರೆಗ್ಯುಲೇಟರ್ ಅಗ್ಗ. ಅದು ನಿಮಿಷಕ್ಕೆ ಎಷ್ಟು ಲೀಟರ್ ಹರಿಯಬೇಕು ಎಂದು ಹೊಂದಿಸುವ ಉಪಕರಣ, ಒತ್ತಡ ಹಿಡಿದು ನಿಲ್ಲಿಸುವುದಲ್ಲ. ಅಡುಗೆ ಗ್ಯಾಸಿನ ರೆಗ್ಯುಲೇಟರಂತೂ ಖಂಡಿತ ಬೇಡ. ಬೆಂಕಿ ನಂದಿಸುವ ಸಿಒ2 ಸಿಲಿಂಡರನ್ನು ತಂದು ಜೋಡಿಸುವವರೂ ಇದ್ದಾರೆ. ಅದರೊಳಗೆ ತಳದವರೆಗೆ ಪೈಪ್ ಇರುವುದರಿಂದ ಗ್ಯಾಸಿನ ಬದಲು ದ್ರವವೇ ಬರುತ್ತದೆ. ಕುಡಿಯುವುದಕ್ಕೆ ಆಹಾರ ದರ್ಜೆಯ ಗ್ಯಾಸನ್ನೇ ಕೇಳಿ ತುಂಬಿಸಿ.

ಗ್ಯಾಸ್ ಇದೆ, ರುಚಿ ಸರಿಯಿಲ್ಲ

ಬಾಯಿಗೆ ಲೋಹದ ರುಚಿ ಬಂದರೆ ಕುಡಿಯುವುದನ್ನು ನಿಲ್ಲಿಸಿ ಫಿಟ್ಟಿಂಗ್ ನೋಡಿ. ಸೋಡಾ ನೀರು ಹುಳಿ ಗುಣದ್ದು. ಅದು ತಾಮ್ರ, ಹಿತ್ತಾಳೆಯನ್ನು ಕರಗಿಸುತ್ತದೆ. ಸೋಡಾ ಮುಟ್ಟುವ ದಾರಿಯಲ್ಲಿ ಹಿತ್ತಾಳೆಯ ನಳ್ಳಿ, ತಾಮ್ರದ ಪೈಪ್ ಇದ್ದರೆ ಆ ತಾಮ್ರ ಗ್ಲಾಸಿಗೆ ಬರುತ್ತದೆ. ಕುಡಿದವರಿಗೆ ಹೊಟ್ಟೆನೋವು, ವಾಂತಿ ಆಗಬಹುದು. ಹಸಿರು ಕಲೆ ಕಂಡರೆ ಅನುಮಾನವೇ ಬೇಡ. ಆ ದಾರಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಮತ್ತು ಆಹಾರ ದರ್ಜೆಯ ಪ್ಲಾಸ್ಟಿಕ್ ಮಾತ್ರ ಇರಲಿ. ಕುಡಿದ ಮೇಲೆ ಯಾರಿಗಾದರೂ ವಾಂತಿ ಶುರುವಾದರೆ ಡಾಕ್ಟರಿಗೆ ಈ ವಿಷಯವನ್ನೂ ಹೇಳಿ.

ಗ್ಯಾಸ್ ಸಾಕಷ್ಟಿದ್ದೂ ಖಾರ ಮಂದ ಅನಿಸಿದರೆ ನೀರನ್ನು ಬದಲಾಯಿಸಿ ನೋಡಿ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಸೋಡಾದ ಹುಳಿಯನ್ನು ಮುರಿಯುತ್ತದೆ. ನಮ್ಮ ಕಡೆ ನೀರಿಗೆಂದು ಮುರಕಲ್ಲಿನ ಗುಡ್ಡ ಕೊರೆದ ಸುರಂಗಗಳಿವೆಯಲ್ಲ, ಅವುಗಳ ಮೆದು ನೀರಿನ ಸೋಡಾ ನನಗೆ ಎಲ್ಲಕ್ಕಿಂತ ಇಷ್ಟ. ಬೋರಿನ ನೀರು, ಸುರಂಗದ ನೀರು ಎರಡನ್ನೂ ಒಂದೇ ತಂಪಿನಲ್ಲಿ, ಒಂದೇ ಒತ್ತಡದಲ್ಲಿ ಮಾಡಿ ಕುಡಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಕೆಂಪು ಬಣ್ಣ, ತುಕ್ಕಿನ ವಾಸನೆ ಇರುವ ನೀರಿನಲ್ಲಿ ಕಬ್ಬಿಣ ಇರುತ್ತದೆ, ಅದು ಸೋಡಾಕ್ಕೆ ಆಗದು. ಯಾವ ನೀರಾದರೂ ಕುದಿಸಿ, ಸೋಸಿ, ತಣಿಸಿಯೇ ತುಂಬಿಸಿ. ಮಳೆಗಾಲದ ಬಾವಿ ನೀರಿಗಂತೂ ಇದು ಬಿಡಲೇಬಾರದು. ಗ್ಯಾಸ್ ಹತ್ತಿಸಿದ ಮಾತ್ರಕ್ಕೆ ಕೊಳೆ ನೀರು ಶುದ್ಧವಾಗುವುದಿಲ್ಲ.

ನಳ್ಳಿಯಿಂದ ನೀರು ಬರುತ್ತಿಲ್ಲ, ಅಥವಾ ದಾರದಷ್ಟು ಬರುತ್ತಿದೆ

ಕಪ್ಪು ಕನೆಕ್ಟರ್ ಪೂರ್ತಿ ಕೂತಿದೆಯೇ, ಪೈಪ್ ಎಲ್ಲಾದರೂ ಮಡಚಿದೆಯೇ ನೋಡಿ. ಇಲ್ಲವೆಂದರೆ ಪೈಪಿನಲ್ಲಿ ಐಸ್ ಕಟ್ಟಿರಬಹುದು. ಫ್ರಿಡ್ಜಿನ ಹಿಂಬದಿಯ ತಂಪು ತಗಡಿಗೆ ಸುರುಳಿ ತಾಗಿದ್ದರೆ ಹೀಗಾಗುತ್ತದೆ. ಫ್ರಿಡ್ಜ್ ಬಂದ್ ಮಾಡಿ ಒಂದು ಗಂಟೆ ಬಿಡಿ, ಬಿಸಿನೀರು ಹೊಯ್ಯಬೇಡಿ. ಆಮೇಲೂ ಬಾರದಿದ್ದರೆ ಒತ್ತಡ ಪೂರ್ತಿ ಬಿಟ್ಟು, ನೀರಿನ ತುದಿ ಬಿಚ್ಚಿ, ಒಳಗಿನ ಸಣ್ಣ ವಾಲ್ವ್ ತೊಳೆಯಿರಿ. ಹೆಚ್ಚಾಗಿ ಅಲ್ಲಿ ಸಿಗುವುದು ಲಿಂಬೆಯ ಬೀಜದ ಚೂರೋ, ಹರಿದ ಓ-ರಿಂಗಿನ ತುಂಡೋ. ತುಂಡು ಸಿಕ್ಕಿದರೆ ಉಳಿದ ರಿಂಗ್ ಎಲ್ಲಿಯದೆಂದು ಹುಡುಕಿ, ಅದನ್ನೂ ಬದಲಾಯಿಸಿಯೇ ಕೆಗ್ ಮುಚ್ಚಿ.